ಬಾಗಿಲ ಹತ್ತಿರದ ಕುರ್ಚಿ

ಜನವರಿ 16, ಗುರುವಾರ. ಮಧ್ಯಾಹ್ನ 2

ವೀರಬಸಪ್ಪ — 212. ಹೋದ ವಾರಕ್ಕಿಂತ ಶುಗರ್ ಜಾಸ್ತಿ. ಸಂಕ್ರಾಂತಿ ಎಳ್ಳು-ಬೆಲ್ಲ ಬಿಟ್ಟಿಲ್ಲ ಬಡ್ಡೀಮಗ. ಚೀಟಿ ಜೇಬಿಗೆ ತುರುಕ್ಕೊಂಡು ಜಾರ್ಕೊತಿದ್ದ. ಕಿತ್ಕೊಂಡು ಗಟ್ಟಿಯಾಗಿ ಓದಿದೆ. ಟೀ ಅಂಗಡಿವರೆಗೂ ಕೇಳಿಸ್ತು. ನನ್ನ ಗಂಟಲು ಅಂಥದ್ದು.

ನನ್ನದು — 104. ಅರವತ್ತೆಂಟನೇ ವಯಸ್ಸಿಗೆ. ಹಿಂದಿನ ದಿನ ಎರಡು ಹೊತ್ತು ಮುದ್ದೆ ಬಿಟ್ಟು ಹೋಗ್ತೀನಿ. ಅದನ್ನ ಯಾರಿಗೂ ಹೇಳ್ಬೇಕಾಗಿಲ್ಲ.

ಬೆಳಗ್ಗೆಯಿಂದ ಮೂರೇ ಜನ. ಮೂರೂ ಗಂಡಸ್ರು. ಹೆಂಗಸರು ಒಬ್ಬರೂ ಇಲ್ಲ, ದೀಪಾವಳಿಯಿಂದ ಹಿಂಗೇ. ನರ್ಸ್ ನೂರೀನ್ ಪಾಪ ಆರ್.ಟಿ. ನಗರದಿಂದ ಎರಡು ಬಸ್ಸು ಹತ್ತಿ ಜಕ್ಕೂರಿಗೆ ಬರುತ್ತೆ, ಬಂದು ನೊಣ ಹೊಡೀತಾ ಕೂರುತ್ತೆ. ಬಿ.ಪಿ., ಶುಗರ್ ನೋಡ್ತಾರೆ, ಮಾತ್ರೆ ಕೊಡ್ತಾರೆ, ಎಲ್ಲಾ ಬಿಟ್ಟಿ. ಕಟ್ಟಡ ನಂದು. ಮುಂಚೆ ದನ ಕಟ್ತಿದ್ದ ಕೊಟ್ಟಿಗೆ, ಈಗ ಟೈಲ್ಸು. ಬಾಡಿಗೆ ತಗೊಳ್ದೆ ಸೆಂಟರ್ ನಡೆಸೋ ಟ್ರಸ್ಟಿಗೆ ಎರಡು ರೂಮು ಬಿಟ್ಟುಕೊಟ್ಟ ಗಂಡು ಈ ಊರಲ್ಲಿ ನಾನೊಬ್ಬನೇ. ಅಷ್ಟೇ ಅಲ್ಲ, ಒಂಬತ್ತು ಗಂಟೆಗೆ ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತ್ರೆ ಒಂದರವರೆಗೂ ಏಳಲ್ಲ. ಬಂದೋರನ್ನ ಮಾತಾಡಿಸ್ಬೇಕಲ್ಲ. ಸೂಜಿ ಅಂದ್ರೆ ಭಯ ಜನಕ್ಕೆ.

ಚೈತ್ರ ಬಂದಿದ್ಲು. ಅಣ್ಣನ ಮಗಳು, ಟ್ರಸ್ಟಲ್ಲೇ ಕೆಲಸ. ಮುಖ ಸಪ್ಪಗೆ.

"ಚಿಕ್ಕಪ್ಪ, ಫೆಬ್ರವರಿ ಕೊನೆಗೆ ಡಿಸೈಡ್ ಮಾಡ್ತಾರಂತೆ. ಹೆಂಗಸರು ಬರ್ದೇ ಇದ್ರೆ ಸೆಂಟರ್ ಮುಚ್ಚೋದೇ. ಯಾಕೆ ಬರ್ತಿಲ್ಲ ಅಂತ ತಿಳ್ಕೊಳ್ಳೋಕೆ ಫೋಕಸ್ ಗ್ರೂಪ್ ಮಾಡ್ಬೇಕು. ಹರಿಪ್ರಿಯಾ ಮೇಡಂ ನನಗೇ ವಹಿಸಿದಾರೆ. ಇದೇ ಫಸ್ಟ್ ನಂಗೆ."

ಫೋಕಸ್ ಗ್ರೂಪ್ ಅಂದ್ರೆ ಎಂಟು ಜನರನ್ನ ಕೂರಿಸಿ ಮಾತಾಡ್ಸೋದಂತೆ. ಅಷ್ಟೇನಾ? ಅದಕ್ಕೆ ಎಂ.ಎ. ಓದಬೇಕಾ? "ನಾನಿದೀನಿ ಬಿಡು" ಅಂದೆ. "ಪಿಳ್ಳಪ್ಪ ಕರೆದ್ರೆ ಬರ್ದೇ ಇರೋ ಹೆಂಗಸು ಈ ಊರಲ್ಲಿ ಹುಟ್ಟಿಲ್ಲ."

ಚೈತ್ರ ಬ್ಯಾಗ್ ಎತ್ಕೊಂಡು ಹೊರಟ್ಲು.

ಜನವರಿ 18, ಶನಿವಾರ

ಪ್ಲಾನಿಂಗ್ ಅಂತೆ. ಕಾಗದದ ಮೇಲೆ ಎಂಟು ಸೊನ್ನೆ ಬರೆದು, ಇವು ಕುರ್ಚಿ ಚಿಕ್ಕಪ್ಪ, ರೌಂಡಾಗಿ ಹಾಕ್ಬೇಕು ಅಂದ್ಲು.

"ಮುಖ್ಯ ಯಾರು? ಅವರು ಎಲ್ಲಿ ಕೂರ್ತಾರೆ?"

"ಮುಖ್ಯ ಯಾರೂ ಇಲ್ಲ. ಅದಕ್ಕೇ ರೌಂಡು."

ಆಮೇಲೆ — ನಲವತ್ತು ದಾಟಿದ ಹೆಂಗಸರು. ಮೊದಲು ಬರ್ತಿದ್ದು ಈಗ ಬಿಟ್ಟಿರೋರು. ಒಬ್ಬರಿಗೊಬ್ಬರು ತೀರಾ ಹತ್ತಿರದ ಸಂಬಂಧ ಇರಬಾರದು. ಹಳೆ ಜಕ್ಕೂರಲ್ಲಿ! ಇಲ್ಲಿ ಒಂದು ಮನೆ ಕೋಳಿಗೂ ಇನ್ನೊಂದು ಮನೆ ಕೋಳಿಗೂ ನೆಂಟಸ್ತನ ಇದೆ.

ಪ್ರಶ್ನೆ ಓದಿದ್ಲು. ಮೊದಲನೇದು, ಬೆಳಗ್ಗೆ ಎದ್ದು ಏನೇನು ಮಾಡ್ತೀರಿ. ಇದೂ ಒಂದು ಪ್ರಶ್ನೆನಾ? ಸುಲಭದ್ದು ಮೊದಲು, ಕಷ್ಟದ್ದು ಕೊನೆಗಂತೆ.

"ಸರಿ ಉತ್ತರ ಯಾವುದು ಹೇಳ್ಬಿಡು ಮಗಳೇ. ಕಲಿಸಿ ಕರ್ಕೊಂಡ್ ಬರ್ತೀನಿ."

"ಸರಿ ಉತ್ತರ ಅಂತ ಇಲ್ಲ ಚಿಕ್ಕಪ್ಪ. ತಪ್ಪೂ ಇಲ್ಲ. ಎಂಟು ಜನ ಎಂಟು ಥರ ಹೇಳಿದ್ರೆ ಇನ್ನೂ ಒಳ್ಳೇದು."

ತಲೆ ಕೆಟ್ಟೋಯ್ತು. ಏಳನೇ ಕ್ಲಾಸ್ ಓದಿದೀನಿ ನಾನು, ಆ ಕಾಲದ ಏಳನೇದು. ಸರಿ ಉತ್ತರ ಇಲ್ಲದ ಪ್ರಶ್ನೆ ಯಾವ ಮೇಷ್ಟ್ರೂ ಕೇಳ್ಲಿಲ್ಲ. ಕೇಳಿದ್ರೆ ಆಮೇಲೆ ಹೊಡೆಯೋದು ಯಾರನ್ನ?

ಜನವರಿ 21, ಮಂಗಳವಾರ

ನಮ್ಮನೆಯವಳು ಮುನಿಕೆಂಪಮ್ಮ ಯಲಹಂಕಕ್ಕೆ ಹೋದ್ಲು, ತಂಗಿ ಮನೆಗೆ. ಮಂಗಳವಾರ ಬಂತು ಅಂದ್ರೆ ತಂಗಿ. ಮೂವತ್ತು ವರ್ಷ ಇಲ್ಲದ ಪ್ರೀತಿ ಈಗ ಉಕ್ಕಿದೆ. ನನಗೆ ತಣ್ಣನೆ ಸಾರು.

ಇವತ್ತು ಹದಿನಾಲ್ಕು ಮನೆ ತಿರುಗಿದೆ. ಪಂಚಾಯ್ತಿಗೆ ಮುಂಚೆ ನಮ್ಮಪ್ಪ ಮಾಡ್ತಿದ್ದದ್ದೂ ಇದನ್ನೇ. ಮನೆಮನೆಗೆ ಹೋಗಿ ಮಾತು ಒಂದು ಮಾಡ್ಕೊಂಡು ಬರೋದು. ಕಟ್ಟೆ ಮೇಲೆ ಹತ್ತು ಬಾಯಿ ಹತ್ತು ಥರ ಆಡಿದ್ರೆ ಊರಿನ ಮಾನ ಏನಾಗ್ಬೇಕು? ಎಲ್ಲರಿಗೂ ಹೇಳ್ಕೊಟ್ಟೆ. "ಸೆಂಟರ್ ಬಲು ಚೆನ್ನಾಗೈತೆ, ಮನೆ ಕೆಲ್ಸದಲ್ಲಿ ಪುರುಸೊತ್ತಿಲ್ಲ, ಇನ್ಮೇಲೆ ಬರ್ತೀವಿ." ಮೂರು ಸಲ ಹೇಳಿಸ್ದೆ. ಮುನಿಗಂಗಮ್ಮ — ದೊಡ್ಡಪ್ಪನ ಮಗನ ಹೆಂಡ್ತಿ, ನನ್ನನ್ನ ಭಾವ ಅಂತಾಳೆ — ಬಾಗಿಲ ಹಿಂದೆ ನಿಂತು, ಸೆರಗು ಎಳ್ಕೊಂಡು, "ಊಂ" ಅಂದ್ಲು. ಅಷ್ಟೇ. ಮೊದಲು ಬಾಯಿ ತುಂಬಾ ಮಾತಾಡ್ತಿದ್ಲು. ವಯಸ್ಸಾಯ್ತೇನೋ.

ಸಂಜೆ ಮುನಿಕೆಂಪಮ್ಮ ಬಂದ್ಲು. ತಂಗಿ ಕೊಟ್ಟಳು ಅಂತ ಒಂದು ಚೀಲ ಅವರೆಕಾಯಿ.

ಜನವರಿ 24, ಶುಕ್ರವಾರ. ಸಂಜೆ

ಗ್ರೂಪ್ ಆಯ್ತು. ಎಂಟು ಕೇಳಿದ್ಲು, ಹನ್ನೆರಡು ಕೊಟ್ಟೆ. ಅಡ್ಡಾದಿಡ್ಡಿ ಆಗ್ಬಾರ್ದು ಅಂತ ನಾನೂ ಒಂದು ಕುರ್ಚಿ ಎಳ್ಕೊಂಡು ಒಳಗೇ ಕೂತೆ.

ಒಬ್ಬಳೂ ಕುರ್ಚಿ ಮೇಲೆ ಕೂರ್ಲಿಲ್ಲ. ಅರ್ಧ ಜನ ಗೋಡೆಗೆ ಒರಗಿ ನಿಂತ್ರು, ಅರ್ಧ ಜನ ನೆಲದ ಮೇಲೆ. ಚೈತ್ರ "ಕೂತ್ಕೊಳ್ಳಿ ಅತ್ತೆ, ಕೂತ್ಕೊಳ್ಳಿ ದೊಡ್ಡಮ್ಮ" ಅಂತ ಕುರ್ಚಿ ತಟ್ಟಿ ತಟ್ಟಿ ಸುಸ್ತಾದ್ಲು. ನನಗೆ ಹೆಮ್ಮೆ ಆಯ್ತು ಅನ್ಬೇಕು. ಭಾವ ಕೂತಿರುವಾಗ, ಮಾವ ಕೂತಿರುವಾಗ ಸರಿಸಮ ಕುರ್ಚಿ ಮೇಲೆ ಕೂರಲ್ಲ ನಮ್ಮ ಹೆಂಗಸರು. ಎಷ್ಟು ಅಪಾರ್ಟ್‌ಮೆಂಟ್ ಎದ್ರೂ ಮರ್ಯಾದೆ ಹೋಗಿಲ್ಲ.

ಬೆಳಗ್ಗೆ ಎದ್ದು ಏನ್ ಮಾಡ್ತೀರಿ?

"ಸೆಂಟರ್ ಬಲು ಚೆನ್ನಾಗೈತೆ, ಮನೆ ಕೆಲ್ಸದಲ್ಲಿ ಪುರುಸೊತ್ತಿಲ್ಲ, ಇನ್ಮೇಲೆ ಬರ್ತೀವಿ."

ಹನ್ನೆರಡು ಜನ. ಒಂದಕ್ಷರ ತಪ್ಪಲಿಲ್ಲ! ನೂರೀನ್ ಬರ್ಕೋತಿತ್ತು, ಮೂರನೇಯವಳಾದ್ಮೇಲೆ ಪೆನ್ನು ಕೆಳಗಿಟ್ತು.

ಚೈತ್ರ ನನ್ನನ್ನ ಸ್ವಲ್ಪ ಹೊರಗೆ ಹೋಗಿ ಅಂದ್ಲು. ಹೋದೆ. ಕಿಟಕಿ ಹತ್ರ ನಿಂತೆ. ಒಬ್ಬಳು ತಡವರಿಸಿದ್ಲು, "ಪುರುಸೊತ್ತಿಲ್ಲ ಅನ್ನವ್ವಾ" ಅಂತ ಎತ್ತಿಕೊಟ್ಟೆ. ಇಪ್ಪತ್ತು ನಿಮಿಷಕ್ಕೆ ಮುಗೀತು. ಒಂದೂವರೆ ಗಂಟೆ ಹಿಡಿಯುತ್ತೆ ಅಂದಿದ್ಲು. ನಾನಿದ್ದದ್ದಕ್ಕೆ ಬೇಗ ಆಯ್ತು.

ಜನವರಿ 25, ಶನಿವಾರ

ಚೈತ್ರ ಅತ್ತಳು. ನಮ್ಮ ಜಗಲಿ ಮೇಲೆ ಕೂತು.

"ಏನೂ ಸಿಗ್ಲಿಲ್ಲ ಚಿಕ್ಕಪ್ಪ. ಒಂದು ಸಾಲು. ರಿಪೋರ್ಟಲ್ಲಿ ಏನ್ ಬರೀಲಿ? ಈ ಒಂದು ಕೆಲಸ ನೆಟ್ಟಗೆ ಮಾಡಿಲ್ಲ ಅಂದ್ರೆ ನನಗೆ ಇನ್ನೊಂದು ಕೊಡಲ್ಲ."

"ಎಲ್ಲರೂ ಒಂದೇ ಮಾತು ಹೇಳಿದ್ರಲ್ಲಮ್ಮ!"

"ಅದೇ ಪ್ರಾಬ್ಲಂ!"

ಒಗ್ಗಟ್ಟಿದ್ರೆ ಪ್ರಾಬ್ಲಂ. ಇದ್ಯಾವ ಓದು?

ಇನ್ನೊಂದು ಗ್ರೂಪ್ ಮಾಡ್ತಾಳಂತೆ. ನಮ್ಮ ಕಟ್ಟಡದಲ್ಲಿ ಅಲ್ಲ. ನಾನು ಕರೆಯೋ ಹಾಗಿಲ್ಲ, ಬರೋ ಹಾಗಿಲ್ಲ, ಆ ರಸ್ತೇಲಿ ಓಡಾಡೋ ಹಾಗೂ ಇಲ್ಲ.

ಒಳಗಿಂದ ಮುನಿಕೆಂಪಮ್ಮ ಬಂದ್ಲು. "ಕುರ್ಚಿ ಮ್ಯಾಲೆ ಕುಂಡ್ರಿಸಿ ಮಾತಾಡು ಅಂದ್ರೆ ಯಾರು ಆಡ್ತಾರೆ ಕಣವ್ವ? ಕೈಗೆ ಏನಾರಾ ಕೆಲ್ಸ ಕೊಡು. ಹಿದುಕವರೆ ಕಾಲ. ನೆನೆಸಿದ ಕಾಳು ಮುಂದಿಟ್ಟು ನೋಡು. ಕೈ ಹಿದುಕ್ತಾ ಇದ್ರೆ ಬಾಯಿ ತಾನಾಗೇ ಬಿಚ್ಕೊಳ್ತದೆ."

ಚೈತ್ರ ಕಣ್ಣು ಒರೆಸ್ಕೊಂಡು ನೋಟ್‌ಬುಕ್ಕಲ್ಲಿ ಬರ್ಕೊಂಡ್ಲು. ಏಳನೇ ಕ್ಲಾಸ್ ಓದಿದೋನ ಮಾತು ಬರ್ಕೊಳ್ಳಲಿಲ್ಲ. ಹೆಬ್ಬೆಟ್ಟಿಂದು ಬರ್ಕೊಂಡ್ಲು.

ಫೆಬ್ರವರಿ 4, ಮಂಗಳವಾರ

ಹತ್ತು ದಿನ ಬರೀಲಿಲ್ಲ. ಏನು ಬರೆಯೋದು? ಯಾರೂ ಬರ್ತಿಲ್ಲ.

ಇವತ್ತು ಒಂದು ವಿಚಿತ್ರ. ಅಡುಗೆ ಮನೇಲಿ ಉಪ್ಪಿನ ಡಬ್ಬಿ ಸಿಗಲಿಲ್ಲ. ಮುನಿಕೆಂಪಮ್ಮ ಫೋನ್ ಮನೇಲೇ ಬಿಟ್ಟು ಹೋಗಿದ್ಲು. ಸರಿ, ಯಲಹಂಕದ ನಾದಿನಿಗೆ ಮಾಡಿದೆ. "ನಿಮ್ಮಕ್ಕನಿಗೆ ಕೊಡಮ್ಮ."

"ಅಕ್ಕನಾ? ಅಕ್ಕ ಇಲ್ಲಿಗೆ ಬಂದು ಮೂರು ತಿಂಗ್ಳಾಯ್ತು ಭಾವ. ಕಾಯ್ತಾ ಇದೀವಿ, ಕಳಿಸಿ."

ಫೋನ್ ಇಟ್ಟೆ. ಉಪ್ಪಿಲ್ಲದೆ ಉಂಡೆ.

ಸಂಜೆ ಬಂದ್ಲು. ಅವರೆಕಾಯಿ ಚೀಲ. "ಎಂಗವ್ಳೆ ನಿನ್ನ ತಂಗಿ?" ಅಂದೆ. "ಚೆನ್ನಾಗವ್ಳೆ" ಅಂದ್ಲು. ಕಣ್ಣು ಕೂಡ ಮಿಟುಕಿಸ್ಲಿಲ್ಲ. ನಲವತ್ತಾರು ವರ್ಷದ ಸಂಸಾರ. ಅರವತ್ತೆರಡು ವಯಸ್ಸು ಅವಳಿಗೆ. ಎಲ್ಲಿಗೆ ಹೋಗ್ತಾಳೆ?

ನನಗೆ ಊರಲ್ಲೆಲ್ಲಾ ಯಾರ ಮನೇಲಿ ಯಾವ ಸಾರು ಅಂತ ಗೊತ್ತು. ನಮ್ಮನೆ ವಿಷಯ ಗೊತ್ತಿಲ್ಲ…

ಫೆಬ್ರವರಿ 7, ಶುಕ್ರವಾರ

ಮುನಿಗಂಗಮ್ಮನ ಮನೆ ಟೆರೇಸಲ್ಲಿ ಗ್ರೂಪ್. ನಾನು ಆ ರಸ್ತೆಗೆ ಹೋಗ್ಲಿಲ್ಲ, ಮಾತು ಅಂದ್ರೆ ಮಾತು. ನಮ್ಮ ಟೆರೇಸ್ ಹತ್ತಿದೆ. ನಮ್ಮ ನೀರಿನ ಟ್ಯಾಂಕು, ನಾನು ನೋಡ್ಬಾರ್ದಾ?

ಕುರ್ಚಿ ಇಲ್ಲ. ಚಾಪೆ. ಮಧ್ಯೆ ದೊಡ್ಡ ಬೇಸಿನ್ನಲ್ಲಿ ನೆನೆದ ಕಾಳು. ಎಂಟು ಹೆಂಗಸರು ಸುತ್ತ, ಅವರಲ್ಲಿ ಮುನಿಕೆಂಪಮ್ಮನೂ ಒಬ್ಬಳು. ಚೈತ್ರನೂ ಹಿದುಕ್ತಾ ಇದ್ಲು, ಬೇಳೆ ಎಲ್ಲೆಲ್ಲೋ ಹಾರ್ತಿತ್ತು. ನೂರೀನ್ ಪಕ್ಕದಲ್ಲಿ ಬರ್ಕೋತಾ.

ಏನೂ ಕೇಳಿಸ್ಲಿಲ್ಲ. ಯಲಹಂಕದ ವಿಮಾನದ ಮೇಳಕ್ಕೆ ಪ್ರಾಕ್ಟೀಸು, ತಲೆ ಮೇಲೆ ಆಕಾಶ ಹರ್ಕೊಂಡು ಹೋಗ್ತಿತ್ತು. ವಿಮಾನ ಬಂದಾಗ ಎಲ್ಲರೂ ಕಿವಿ ಮುಚ್ಕೋತಾರೆ, ಹೋದ್ಮೇಲೆ ಮತ್ತೆ ಶುರು. ಒಂದು ಸಲ ಮುನಿಗಂಗಮ್ಮ ಎದ್ದು ನಿಂತು, ಎದೆ ಉಬ್ಬಿಸಿ, ಕೈ ಎತ್ತಿ, ಯಾರದ್ದೋ ಥರ ನಡೆದು ತೋರಿಸಿದ್ಲು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಯಾರನ್ನ ಅಣಕಿಸಿದ್ಲೋ. ನನಗೂ ನಗು ಬಂತು ದೂರದಿಂದ.

ಆಮೇಲೆ ಅದೇ ಮುನಿಗಂಗಮ್ಮ ಕೂತು ಮುಖಕ್ಕೆ ಸೆರಗು ಹಾಕ್ಕೊಂಡ್ಲು. ಯಾರೂ ನಗಲಿಲ್ಲ. ಮುನಿಕೆಂಪಮ್ಮ ಅವಳ ಬೆನ್ನ ಮೇಲೆ ಕೈ ಇಟ್ಟಳು.

ಎರಡು ಗಂಟೆ ಹತ್ತು ನಿಮಿಷ ನಡೀತು. ಸಂಜೆ ಹಿದುಕಿದ ಬೇಳೆ ಸಾರು. "ಏನ್ ಮಾತಾಡಿದ್ರಿ?" "ಬೆಳಗ್ಗೆ ಎದ್ದು ಏನ್ ಮಾಡ್ತೀವಿ ಅಂತ."

ಫೆಬ್ರವರಿ 12, ಬುಧವಾರ

ಹರಿಪ್ರಿಯಾ ಮೇಡಂ ಬಂದಿದ್ರು, ಟ್ರಸ್ಟಿನ ಹೆಡ್ಡು. ಮೆಲ್ಲಗೆ ಮಾತಾಡೋ ಹೆಂಗಸು. ಒಳಗೆ ಮೀಟಿಂಗು. ನನ್ನನ್ನ ಕರೆದಿರ್ಲಿಲ್ಲ, ಟೀ ಹಿಡ್ಕೊಂಡು ಹೋದೆ. ಟೀಗೆ ಯಾರು ಬೇಡ ಅಂತಾರೆ?

ಗೋಡೆ ಮೇಲೆ ಚಾರ್ಟು. ಚೈತ್ರನ ಅಕ್ಷರ. ಯಾರ ಹೆಸರೂ ಇಲ್ಲ. ಸೆಂಟರಿಗೆ ಯಾಕೆ ಬರ್ತಿಲ್ಲ — ಸಮಯ ಇಲ್ಲ, ಎಂಟರಲ್ಲಿ ಒಬ್ಬರು. ಬಾಗಿಲ ಹತ್ತಿರದ ಕುರ್ಚಿ, ಎಂಟರಲ್ಲಿ ಏಳು.

ಚೈತ್ರ ಚಾರ್ಟ್ ಮುಚ್ಚಕ್ಕೆ ಹೋದ್ಲು, ಅಷ್ಟರಲ್ಲಿ ಓದಿಬಿಟ್ಟಿದ್ದೆ.

"ಇಷ್ಟಕ್ಕಾ!" ಅಂದೆ. "ಕೈ ಮುರಿದಿದೆ, ನಾನೂ ನೋಡಿದೀನಿ. ಸೀರೆ ಸಿಕ್ಕಾಕ್ಕೊಳ್ಳುತ್ತೆ ಹೆಂಗಸರಿಗೆ. ನಾಳೆನೇ ಹೊಸಾದು ತರ್ತೀನಿ!"

ನೂರೀನ್‌ಗೆ ಕೆಮ್ಮು ಬಂತು. ಮೇಡಂ ಟೀ ಲೋಟ ನೋಡ್ತಾ, "ನೀವು ಕೊಟ್ಟಿರೋ ಜಾಗಕ್ಕೆ ನಾವು ಯಾವತ್ತೂ ಋಣಿಗಳು ಪಿಳ್ಳಪ್ಪನವರೇ…" ಅಂದ್ರು.

ಓದಿದೋರು ಒಂದು ಕುರ್ಚಿಗೆ ಒಂದು ತಿಂಗಳು ತಗೊಂಡ್ರು. ನನ್ನನ್ನೇ ಕೇಳಿದ್ರೆ ಆಗ್ತಿರ್ಲಿಲ್ವಾ?

ಫೆಬ್ರವರಿ 13, ಗುರುವಾರ

ಮರದ ಕುರ್ಚಿ ತಂದೆ. ಎರಡು ಕೈ ಗಟ್ಟಿಮುಟ್ಟು. ಬಾಗಿಲ ಹತ್ರ ಹಾಕಿ, ಒಂಬತ್ತರಿಂದ ಒಂದರವರೆಗೂ ಕೂತೆ.

ಒಬ್ಬಳೂ ಬರ್ಲಿಲ್ಲ.

ಫೆಬ್ರವರಿ 14, ಶುಕ್ರವಾರ

ರಾಗಿ ಕೇರ್ತಾ ಕೂತಿದ್ಲು ಮುನಿಕೆಂಪಮ್ಮ. ಕೇಳಿದೆ. "ಕುರ್ಚಿ ಬದಲಾಯ್ಸಿದೆ ಕಣೇ. ಇನ್ನೂ ಯಾಕೆ ಬರಲ್ಲ?"

ಮೊರ ಕೆಳಗಿಟ್ಟಳು.

"ಕುರ್ಚಿ ಬದ್ಲಾಯ್ಸಿದೆ. ಕುಂತಿರೋನು?"

ಅರ್ಥ ಆಗ್ಲಿಲ್ಲ. ಆಮೇಲೆ ಆಯ್ತು. ಆಮೇಲೆ ಮತ್ತೆ ಆಗ್ಲಿಲ್ಲ.

"ನಾನೇನ್ ಮಾಡ್ದೆ? ಮಾತಾಡಿಸ್ತೀನಿ, ನಗಿಸ್ತೀನಿ."

"ಒಳೀಕ್ ಓಗ್ಬೇಕಾದ್ರೆ ನಿನ್ನ ಮುಂದೆ ತಲೆ ಬಗ್ಸಿ ಓಗ್ಬೇಕು. ಈಚೆಗ್ ಬರ್ಬೇಕಾದ್ರೆ ಚೀಟಿ ಕೊಡ್ಬೇಕು. ನೀನ್ ಓದಿ ಊರಿಗೆಲ್ಲ ಸಾರ್ತೀಯ. ಭಾವ, ಮಾವ — ಎದುರಾಡಕ್ಕಾಯ್ತದಾ ಅವ್ರಿಗೆ? ಮುನಿಗಂಗನ ಚೀಟಿ ಓದಿದ್ದು ಗ್ಯಾಪ್ಕ ಐತಾ, ದೀಪಾವಳಿ ಆದ್ಮ್ಯಾಕೆ?"

ಜ್ಞಾಪಕ ಇತ್ತು. ಈ ಊರಲ್ಲಿ ಅಷ್ಟು ಶುಗರ್ ಯಾರಿಗೂ ಬಂದಿರ್ಲಿಲ್ಲ.

"ಅವತ್ತು ಅವಳ ಮಗಳ್ನ ನೋಡಕ್ಕೆ ಬಂದಿದ್ದೋರು ಟೀ ಅಂಗ್ಡೀಲಿ ನಿಂತಿದ್ರು ಕಣಯ್ಯ. ತಾಯಿಗೆ ಅಂಗೆ ಇದ್ರೆ ಮಗಳಿಗೂ ಅಂಗೇ ಅಂತ ಸಂಬಂಧ ಬಿಟ್ಟೋದ್ರು. ಅವಳು ಯಾರ್ ಮುಂದೇನೂ ಅಂದಿಲ್ಲ. ಮೊನ್ನೆ ಕಾಳು ಹಿದುಕ್ತಾ ಅಂದ್ಲು. ಅವಳೇ ಈಗ ತಿಳ್ಸು ಅಂದ್ಲು ನಿಂಗೆ. ಓಗಿ ತಿಳ್ಸು ಅಂದ್ಲು."

ಮೊರ ಎತ್ತಿಕೊಂಡ್ಲು. ನಾನು ಎದ್ದು ಹೋದೆ.

ಹೋದ ವರ್ಷದ ಡೈರಿ ತೆಗೆದೆ. ನವೆಂಬರ್ 5. "ಮುನಿಗಂಗಮ್ಮ — 310. ಊರಿಗೇ ರೆಕಾರ್ಡು!!" ನನ್ನದೇ ಅಕ್ಷರ. ಕೆಳಗೆ ಗೆರೆ ಬೇರೆ ಎಳೆದಿದೀನಿ. ಅದನ್ನ ಹೊಡೆದು ಹಾಕಿದೆ. ಇನ್ನೂ ಕಾಣುತ್ತೆ. ಇನ್ನೊಂದು ಸಲ ಹೊಡೆದೆ, ಕಾಗದ ಹರೀತು.

ತಮಾಷೆಗೆ ಮಾಡಿದ್ದು. ಯಾರಾದ್ರೂ ಆಗಲೇ ಹೇಳಿದ್ರೆ… ಯಾರು ಹೇಳ್ತಾರೆ? ನಾನು ಭಾವ.

ಆ ದಿನ ಟೆರೇಸಲ್ಲಿ ಎದೆ ಉಬ್ಬಿಸಿ ನಡೆದು ತೋರಿಸಿದ್ದು ಯಾರನ್ನ ಅಂತ ಈಗ ಗೊತ್ತಾಯ್ತು.

ಫೆಬ್ರವರಿ 18, ಮಂಗಳವಾರ

ಕುರ್ಚಿ ಹಾಕ್ಲಿಲ್ಲ. ಮುನಿಗಂಗಮ್ಮನ ಮನೆ ಮುಂದೆ ಮೂರು ಸಲ ಓಡಾಡಿದೆ. ಮೂರನೇ ಸಲ ಅವಳೇ ಬಾಗಿಲಿಗೆ ಬಂದು, "ಏನ್ ಭಾವ?" ಅಂದ್ಲು. "ನೀರು ಬಂತಾ?" ಅಂತ ಕೇಳಿದೆ. "ಬಂತು" ಅಂದ್ಲು. ಊರಿಗೆಲ್ಲಾ ಕೇಳ್ಸೋ ಗಂಟಲು, ನಾಲ್ಕು ಅಡಿ ದೂರಕ್ಕೆ ಮಾತು ಹೊರಡ್ಲಿಲ್ಲ.

ಸಂಜೆ ನಾಲ್ಕಕ್ಕೆ ಮುನಿಕೆಂಪಮ್ಮ ಬಂದ್ಲು. ಅವರೆಕಾಯಿ ಕೊನೆ, ಅರ್ಧ ಬಲಿತಿತ್ತು. ಕೈ ತೊಳೆಯೋಕೆ ರವಿಕೆ ತೋಳು ಮೇಲೆತ್ತಿದ್ಲು. ಮೊಣಕೈ ಒಳಗಡೆ ಹತ್ತಿ, ಮೇಲೆ ಅಂಟಿನ ಪಟ್ಟಿ. ಇಷ್ಟೇ ಇಷ್ಟು.

ಅದು ಏನು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ವರ್ಷಗಟ್ಟಲೆ ಬಾಗಿಲಲ್ಲಿ ಕೂತು ನೋಡಿದೀನಿ.

ತಂಗಿ ಮನೆ. ಮೂರು ತಿಂಗಳು. ನಮ್ಮದೇ ಕಟ್ಟಡದಲ್ಲಿ, ಇಪ್ಪತ್ತು ಹೆಜ್ಜೆಲಿ ನೋಡೋ ಶುಗರ್‌ಗೆ ಬಸ್ಸು ಹತ್ತಿ ಯಲಹಂಕದ ಆಸ್ಪತ್ರೆ.

ಎಷ್ಟು ಅಂತ ಬಾಯಿಗೆ ಬಂದಿತ್ತು. ಕೇಳ್ಲಿಲ್ಲ. ಅವರೆಕಾಯಿ ಬಿಡಿಸಿಕೊಟ್ಟೆ. ಅವಳು ನನ್ನ ಮುಖ ನೋಡಿದ್ಲು, ಜ್ವರ ಬಂದಿದೆಯಾ ಅನ್ನೋ ಥರ.

ಫೆಬ್ರವರಿ 20, ಗುರುವಾರ

ಚೈತ್ರನ್ನ ಕೇಳಿದೆ. "ಆ ಏಳು ಜನದಲ್ಲಿ ನಿಮ್ಮ ಚಿಕ್ಕಮ್ಮನೂ ಇದ್ದಾಳಾ?"

"ಹೆಸರು ಹೇಳಲ್ಲ ಚಿಕ್ಕಪ್ಪ. ಅಲ್ಲಿ ಆಡಿದ್ದು ಅಲ್ಲೇ ಇರುತ್ತೆ ಅಂತ ಮಾತು ಕೊಟ್ಟಿದೀವಿ."

"ನನ್ನ ಹೆಂಡ್ತಿದೂ ಹೇಳಲ್ವಾ?"

"ಯಾರದ್ದೂ."

ಈ ವಯಸ್ಸಿಗೆ ಇಷ್ಟು ಗಟ್ಟಿ. ಅಣ್ಣನ ಥರಾನೇ. ಸಿಟ್ಟು ಬರ್ಬೇಕಿತ್ತು, ಬರ್ಲಿಲ್ಲ.

"ಮುಚ್ತಾರಾ?"

"ಮೂರು ತಿಂಗಳು ಟೈಮ್ ಕೇಳಿದೀನಿ. ಮಂಗಳವಾರ ಹೆಂಗಸರಿಗೆ ಮಾತ್ರ. ಆದ್ರೆ ಬಾಗಿಲು ರಸ್ತೆಗಿದೆ ಚಿಕ್ಕಪ್ಪ, ಟೀ ಅಂಗಡಿ ಎದುರು…"

ಫೆಬ್ರವರಿ 22, ಶನಿವಾರ

ಕಟ್ಟಡದ ಹಿಂದೆ ದನದ ಬಾಗಿಲು ಇದೆ. ಮನೆಗಳ ಹಿತ್ತಿಲ ಓಣಿಗೆ ತೆರೆಯುತ್ತೆ. ಹೆಂಗಸರೇ ಓಡಾಡೋ ಓಣಿ. ಹದಿನೈದು ವರ್ಷದಿಂದ ಬೀಗ, ಮುಂದೆ ಹಳೇ ನೇಗಿಲು, ಗಾಡಿ ಚಕ್ರ. ಎಲ್ಲಾ ನಾನೇ ಎತ್ತಿ ಹಾಕಿದೆ. ಅರವತ್ತೆಂಟಕ್ಕೆ. ಬೆನ್ನು ಹಿಡ್ಕೊಂಡಿದೆ. ಕೀಲಿಗೆ ಎಣ್ಣೆ ಬಿಟ್ಟೆ, ಸದ್ದಾಗ್ಬಾರ್ದು. ಬೀಗದ ಕೈ ನೂರೀನ್‌ಗೆ ಕೊಟ್ಟೆ. "ಥ್ಯಾಂಕ್ಸ್ ಅಂಕಲ್" ಅಂತು, ನಗ್ತಾ. ಈ ಹುಡುಗಿ ನಕ್ಕಿದ್ದು ಇದೇ ಮೊದಲು ನೋಡಿದ್ದು.

ಯಾರಿಗೂ ಹೇಳಿಲ್ಲ. ವೀರಬಸಪ್ಪನಿಗೆ ಹೇಳಿದೆ. ಒಬ್ಬನಿಗೇ.

ಫೆಬ್ರವರಿ 25, ಮಂಗಳವಾರ. ಸಂಜೆ

ಬೆಳಗ್ಗೆ ಮುನಿಕೆಂಪಮ್ಮ ಒಳ್ಳೆ ಸೀರೆ ಉಟ್ಕೊಂಡ್ಲು. "ತಂಗಿ ಮನೆಗಾ?" ಅಂದೆ. "ಇವತ್ತು ಓಗಲ್ಲ" ಅಂದ್ಲು. ಹಿತ್ತಿಲ ಬಾಗಿಲು ತೆಗೆದು ಓಣಿಗೆ ಇಳಿದ್ಲು.

ನಾನು ಕೆರೆ ಏರಿ ಮೇಲೆ ಹೋಗಿ ಕೂತೆ. ಒಂಬತ್ತರಿಂದ ಒಂದರವರೆಗೆ. ಏರೋಡ್ರೋಮಿನ ಪುಟ್ಟ ವಿಮಾನ ಹನ್ನೊಂದು ಸಲ ಸುತ್ತಿತು. ಅಲ್ಲಿ ಯಾರನ್ನ ಮಾತಾಡಿಸೋದು? ಬಾತುಕೋಳಿನಾ? ಬಾಯಿ ಒಣಗೋಯ್ತು.

ವಾಪಸ್ ಬರುವಾಗ ಟೀ ಅಂಗಡಿಯಿಂದ ವೀರಬಸಪ್ಪ ಕೂಗಿದ. "ಏನೋ ಪಿಳ್ಳಪ್ಪ, ಹೆಂಗಸರು ಬಂದ್ರಂತಲ್ಲ, ಯಾರ್‍ಯಾರು? ಯಾರದ್ದು ಎಷ್ಟು?"

"ಗೊತ್ತಿಲ್ಲ ಹೋಗೋ."

"ನಿನಗಾ? ಗೊತ್ತಿಲ್ವಾ?" ಟೀ ಚೆಲ್ಕೊಂಡ.

ಅಡುಗೆ ಮನೇಲಿ ಮುನಿಕೆಂಪಮ್ಮ ಮುದ್ದೆ ತಿರುವ್ತಾ ಇದ್ಲು. ಬಾಗಿಲಲ್ಲೇ ನಿಂತೆ. ಒಲೆ ಆರಿಸಿ, ಕೈ ಒರೆಸ್ಕೊಂಡು, ಸೆರಗಿನ ಗಂಟು ಬಿಚ್ಚಿದ್ಲು. ನಾಲ್ಕು ಮಡಿಕೆ ಚೀಟಿ. ಬಸ್ ನಂಬರ್ ಓದೋಷ್ಟು ಅಂಕಿ ಅವಳಿಗೂ ಬರುತ್ತೆ. ಆದ್ರೂ ನನ್ನ ಕೈಗೆ ಕೊಟ್ಟಳು.

"ಓದು. ಬಾಯಲ್ಲಿ ಅಲ್ಲ. ಕಣ್ಣಲ್ಲಿ."

ಓದಿದೆ. ಕನ್ನಡಕ ಒರೆಸಿ ಇನ್ನೊಂದು ಸಲ ಓದಿದೆ.

"ಇದು ಕಮ್ಮಿ ಆಗಿರೋದು ಕಣಯ್ಯ" ಅಂದ್ಲು. "ಮೊದ್ಲು ಇನ್ನೂ ಇತ್ತು."

ಚೀಟಿ ಅದೇ ಮಡಿಕೇಲಿ ಮಡಿಸಿ ವಾಪಸ್ ಕೊಟ್ಟೆ. ಸೆರಗಿಗೆ ಕಟ್ಕೊಂಡ್ಲು. ನನ್ನ ಮುದ್ದೆ ಚಿಕ್ಕದು ಮಾಡು ಅಂದೆ, ಯಾಕೆ ಅಂದೆನೋ. ಉಂಡ್ವಿ.

ಈಗ ಡೈರಿ. ಅಭ್ಯಾಸ. ಕೈ ತಾನಾಗೇ ಹೋಗುತ್ತೆ.

ಮುನಿಕೆಂಪಮ್ಮ —